ಮೊಗೆಕಾಯಿ, ಇಬ್ಬಡ್ಲ, ಚೀನಿಕಾಯಿ: ಸಿದ್ದಾಪುರ ಸೀಮೆಯ ಹಿತ್ತಲ ಬೀಜದ ಚರಿತ್ರೆ

ಇವತ್ತಿನ ಸಂಚಿಕೆಯನ್ನು ಅಡುಗೆಮನೆಯ ಒಂದು ಪ್ರಶ್ನೆಯಿಂದ ಶುರು ಮಾಡೋಣ.

ಹೋದ ವರ್ಷ ಬೇಸಿಗೆಯಲ್ಲಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗುಹಾಕಿದ ಮೊಗೆಕಾಯಿ ಆಷಾಢದ ಮಳೆಯಲ್ಲೂ ಕೆಡದೆ ಉಳಿದಿತ್ತು ಅಂದುಕೊಳ್ಳಿ. ಅದರ ಬೀಜವನ್ನೇ ಒಣಗಿಸಿಟ್ಟು ಈ ವರ್ಷ ಹಾಕಿದಿರಿ. ಬಳ್ಳಿ ಚೆನ್ನಾಗಿ ಹಬ್ಬಿತು, ಕಾಯಿಯೂ ಸಾಕಷ್ಟು ಬಿಟ್ಟಿತು. ಆದರೆ ಕಟ್ಟಿಟ್ಟ ಮೂರೇ ವಾರಕ್ಕೆ ಒಂದೊಂದೇ ಕಾಯಿ ಮೆತ್ತಗಾಗಿ, ಹಣ್ಣಿನ ಪರಿಮಳ ಬಂದು, ಬಿರಿದು ಬಿತ್ತು. ಬೀಜ ಮನೆಯದ್ದೇ, ಗದ್ದೆ ಅದೇ, ಗೊಬ್ಬರ ಅದೇ. ಹಾಗಾದರೆ ಕೆಟ್ಟಿದ್ದು ಎಲ್ಲಿ?

ಉತ್ತರ ಹೆಚ್ಚಿನ ಸಲ ಬೇಲಿಯ ಆಚೆ ಇರ್ತದೆ. ಹೋದ ವರ್ಷ ಪಕ್ಕದ ಗದ್ದೆಯವರು ಇಬ್ಬಡ್ಲ ಹಾಕಿರ್ತಾರೆ. ತುಡುವೆ ಜೇನು ಬೆಳಿಗ್ಗೆ ಅವರ ಬಳ್ಳಿಯ ಗಂಡು ಹೂವಿನಲ್ಲಿ ಹೊರಳಾಡಿ ನಿಮ್ಮ ಬಳ್ಳಿಯ ಹೆಣ್ಣು ಹೂವಿಗೆ ಬಂದಿರ್ತದೆ. ಹೋದ ವರ್ಷದ ಕಾಯಿಯಲ್ಲಿ ಇದರ ಸುಳಿವೇ ಸಿಗೋದಿಲ್ಲ. ಯಾಕಂದ್ರೆ ಸಿಪ್ಪೆ, ತಿರುಳು ಎಲ್ಲ ತಾಯಿಬಳ್ಳಿಯದ್ದು. ಹೊರಗಿನ ಪರಾಗ ಬದಲಾಯಿಸುವುದು ಒಳಗಿನ ಬೀಜವನ್ನು ಮಾತ್ರ. ಆ ಬೀಜ ಮೊಳೆತು, ಬಳ್ಳಿಯಾಗಿ, ಕಾಯಿ ಬಿಟ್ಟು, ಆ ಕಾಯಿ ಅಟ್ಟಕ್ಕೇರಿದ ಮೇಲೇ ಗುಟ್ಟು ಹೊರಗೆ ಬೀಳುವುದು. ಅಷ್ಟರಲ್ಲಿ ಒಂದು ವರ್ಷ ಕಳೆದಿರ್ತದೆ.

ಇವತ್ತು ಇದು ಬೇಜಾರಿನ ಸಂಗತಿ ಅಷ್ಟೇ; ಪೇಟೆಗೆ ಹೋಗಿ ತರಕಾರಿ ತರಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ದಾಟಲಿಕ್ಕೆ ಆಗದೆ ಕೂತಿರುತ್ತಿದ್ದ ಕಾಲದಲ್ಲಿ ಅಟ್ಟದ ಮೊಗೆಕಾಯಿ ಅಂದ್ರೆ ಮಳೆಗಾಲದ ಹುಳಿ, ಸಾಸಿವೆ, ತಂಬುಳಿ ಎಲ್ಲವೂ. ಅದು ಬಿರಿದರೆ ಮನೆಯ ಊಟಕ್ಕೇ ಕುತ್ತು.

ಸಿದ್ದಾಪುರ, ಶಿರಸಿ, ಯಲ್ಲಾಪುರದ ಹಿತ್ತಲುಗಳಲ್ಲಿ ಬಳ್ಳಿ ತರಕಾರಿಯ ಬೀಜ ಹೇಗೆ ಉಳಿದುಕೊಂಡು ಬಂತು, ಯಾವುದು ಯಾವುದರ ಜೊತೆ ಬೆರೆಯುತ್ತದೆ ಅನ್ನೋದು ವಿಜ್ಞಾನಕ್ಕೆ ಯಾವಾಗ ತಿಳಿಯಿತು, ಈಗ ಆ ಬೀಜದ ಗತಿ ಏನು, ಇವಿಷ್ಟನ್ನು ಇವತ್ತು ನೋಡೋಣ. ಇದರಿಂದ ನನಗೆ ಕಾಣುವ ಮಾತು ಒಂದೇ. ಈ ಬೀಜ ಯಾವತ್ತೂ ಒಂದು ಮನೆಯ ಸ್ವತ್ತಾಗಿರಲಿಲ್ಲ. ಅದನ್ನು ಉಳಿಸಿದ್ದು ಕೇರಿ, ಊರು. ಊರು ಕೈಬಿಟ್ಟ ಮೇಲೆ ಒಬ್ಬರ ಡಬ್ಬಿಯಲ್ಲಿ ಅದು ಬಹಳ ಕಾಲ ಉಳಿಯೋದಿಲ್ಲ.

ಮೊದಲಿಗೆ ದಾಖಲೆಯ ವಿಷಯ. ಟಿಪ್ಪು ಸುಲ್ತಾನ ತೀರಿಕೊಂಡ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮದ್ರಾಸಿನಿಂದ ಹೊರಟ. ಮೈಸೂರು, ಮಲಬಾರು ಸುತ್ತಿ 1801ರ ಮಾರ್ಚ್ ಹೊತ್ತಿಗೆ ಅವನು ಯಲ್ಲಾಪುರ, ಸೋಂದಾ, ಶಿರಸಿಯ ದಾರಿಯಲ್ಲಿದ್ದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಈ ಸೀಮೆಯ ಅಡಿಕೆ ತೋಟ, ಕಾಳುಮೆಣಸು, ವೀಳ್ಯದೆಲೆಗಳ ಬಗ್ಗೆ ಅದರಲ್ಲಿ ವಿವರವಾಗಿ ಓದಬಹುದು. ಅದಕ್ಕೆ ಕಾರಣವೂ ಇದೆ: ಅಡಿಕೆ ಮತ್ತು ಮೆಣಸು ಕಂದಾಯ ತರುತ್ತಿದ್ದವು, ಬಂದರಿಗೆ ಹೋಗುತ್ತಿದ್ದವು. ಮುಂದೆ 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1883ರಲ್ಲಿ ಜಿಲ್ಲೆಯ ಗೆಜೆಟಿಯರ್ ಬಂತು. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಕವೂ ಸಿಕ್ಕಿತು. ಅಡಿಕೆಗೆ ಇನ್ನೂರು ವರ್ಷದ ಕಾಗದಪತ್ರ ಇದೆ.

ತೋಟದ ದಾರಿಯಲ್ಲೇ, ಮನೆಯ ಹಿಂದೆ ಇದ್ದ ಹಿತ್ತಲಿಗೆ ಅಂಥ ಕಾಗದ ಇಲ್ಲ. ಅದಕ್ಕೆ ಕಂದಾಯವಿಲ್ಲ, ಮಾರಾಟವಿಲ್ಲ, ಅದನ್ನು ನೋಡಿಕೊಳ್ಳುತ್ತಿದ್ದವರು ಹೆಂಗಸರು. ಆದ್ದರಿಂದ ಹಿತ್ತಲಿನ ಚರಿತ್ರೆ ಬೇಕು ಅಂದರೆ ಹುಡುಕಬೇಕಾದ್ದು ಬೇರೆ ಕಡೆ: ಕಾಯಿಗಳ ಹೆಸರಿನಲ್ಲಿ, ಗಾದೆಯಲ್ಲಿ, ಕೊನೆಗೆ ಬೀಜದ ಒಳಗೇ.

ಗಾದೆಯಿಂದಲೇ ಶುರು ಮಾಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅವನು ಹೆಗಲು ಯಾಕೆ ಮುಟ್ಟಿಕೊಂಡ? ಹೆಗಲಿಗೆ ಬೂದಿ ಅಂಟಿತ್ತು. ಅಂದರೆ ಗಾದೆಯ ಕುಂಬಳ ಬೂದುಗುಂಬಳ. ಇವತ್ತು ನಾವು ಹೆಚ್ಚಾಗಿ ಪಲ್ಯಕ್ಕೆ, ಗಾರಿಗೆಗೆ ಬಳಸುವ ಕೆಂಪು ತಿರುಳಿನ ಸಿಹಿಗುಂಬಳ ಆ ಗಾದೆಗೆ ಹೊಂದುವುದಿಲ್ಲ, ಅದರ ಮೈಮೇಲೆ ಹಾಗೆ ಅಂಟುವ ಬೂದಿ ಇಲ್ಲ. ಬೂದುಗುಂಬಳ ಏಷ್ಯಾದ ಹಳೆಯ ಬಳ್ಳಿ. ಸಂಸ್ಕೃತದ ಕೂಷ್ಮಾಂಡ ಅಂದರೂ ಇದೇ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥದ ಎಂಟನೇ ಸಂಪುಟದಲ್ಲೂ ಇದು ಕುಂಬಳಂ ಅನ್ನುವ ಹೆಸರಿನಲ್ಲೇ ಇದೆ. ಆ ಗ್ರಂಥಕ್ಕೆ ಮಾಹಿತಿ ಕೊಟ್ಟವರಲ್ಲಿ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿದ್ದರು.

ಸಿಹಿಗುಂಬಳ ಬಂದದ್ದು ಸಮುದ್ರ ದಾಟಿ. ಅದರ ಕುಲ, ಕುಕುರ್ಬಿಟಾ, ಸಂಪೂರ್ಣವಾಗಿ ಅಮೆರಿಕದ್ದು. ಮೆಕ್ಸಿಕೋದ ಒಹಾಕಾ ಪ್ರಾಂತ್ಯದ ಗಿಲಾ ನಾಕಿಟ್ಜ್ ಎಂಬ ಗುಹೆಯಲ್ಲಿ ಆ ಕುಲದ ಸಾಗುವಳಿ ಬೀಜಗಳು ಸಿಕ್ಕಿವೆ, ವಯಸ್ಸು ಸುಮಾರು 10,000 ವರ್ಷ. ಕೊಲಂಬಸ್ 1492ರಲ್ಲಿ ಅಲ್ಲಿಗೆ ಮುಟ್ಟುವ ಮೊದಲು ಭಾರತದಲ್ಲಿ ಈ ಕಾಯಿ ಇರಲಿಲ್ಲ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಮೆಣಸಿನಕಾಯಿ, ಗೇರು, ಅನಾನಸ್ ಬಂದ ಹಡಗಿನ ದಾರಿಯದು. ಗೋವಾದಿಂದ ಯಲ್ಲಾಪುರದ ಘಟ್ಟ ದೂರವೇನಲ್ಲ. ಹೊಸ ಕಾಯಿಗೆ ಹಳೆಯ ಕುಂಬಳದ ಹೆಸರನ್ನೇ ಕೊಟ್ಟು ಮುಂದೆ ಸಿಹಿ ಅಂತ ಸೇರಿಸಿದರು. ನಮ್ಮ ಕಡೆ ಅದು ಚೀನಿಕಾಯಿ ಆಯಿತು. ಚೀನಿ ಅಂದರೆ ಚೀನಾ ದೇಶವೋ, ಸಕ್ಕರೆಯೋ, ಎರಡರಲ್ಲಿ ಯಾವುದಾದರೂ ಇದು ಹೊಸಬ ಅನ್ನುವ ಗುರುತು ಹೆಸರಿನಲ್ಲೇ ಉಳಿದಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ಹೆಸರು ಒಂದೇ ಆದರೂ ಕುಂಬಳ ಮತ್ತು ಸಿಹಿಗುಂಬಳ ಬೆರೆಯುವುದಿಲ್ಲ. ಒಂದರ ಜೀವಕೋಶದಲ್ಲಿ 24 ವರ್ಣತಂತು, ಇನ್ನೊಂದರಲ್ಲಿ 40. ಒಂದೇ ಚಪ್ಪರದ ಮೇಲೆ ಎರಡನ್ನೂ ಹಬ್ಬಿಸಿದರೂ ಬೀಜ ಕೆಡೋದಿಲ್ಲ.

ಮೊಗೆಕಾಯಿಯದ್ದು ಇದಕ್ಕೆ ಉಲ್ಟಾ ಕಥೆ. ಬೆಂಗಳೂರಿನವರಿಗೆ ಇದು ಮಂಗಳೂರು ಸೌತೆ ಅಥವಾ ಸಾಂಬಾರು ಸೌತೆ, ಕೊಂಕಣಿಯಲ್ಲಿ ಮಗ್ಗೆ. ಹೆಸರಿನಲ್ಲಿ ಸೌತೆ ಇದ್ದರೂ ಇದು ಸೌತೆಯ ಜಾತಿಯೇ ಅಲ್ಲ. ಹಸಿಯಾಗಿ ಉಪ್ಪು ಹಚ್ಚಿ ತಿನ್ನುವ ಸೌತೆ ಕುಕುಮಿಸ್ ಸಟೈವಸ್, ಅದಕ್ಕೆ 14 ವರ್ಣತಂತು. ಮೊಗೆಕಾಯಿ ಕುಕುಮಿಸ್ ಮೆಲೊ, ಅಂದರೆ ಕರಬೂಜದ ಜಾತಿ, ಅದಕ್ಕೆ 24. ಹಿತ್ತಲಿನಲ್ಲಿ ಇವೆರಡೂ ಬೆರೆಯುವುದಿಲ್ಲ. ಬೆರೆಯುವುದು ಮೊಗೆಕಾಯಿ ಮತ್ತು ಇಬ್ಬಡ್ಲ, ಮೊಗೆಕಾಯಿ ಮತ್ತು ಕರಬೂಜ. ಇಬ್ಬಡ್ಲ ಅಂದ್ರೆ ಕೊಂಕಣಿಯ ಚಿಬ್ಬಡ. ಹಣ್ಣಾದಾಗ ತಾನಾಗಿ ಬಿರಿಯುವ, ಬೆಲ್ಲ ಮತ್ತು ಕಾಯಿಹಾಲು ಹಾಕಿ ರಸಾಯನ ಮಾಡುವ ಹಣ್ಣು. ನೋಡಲಿಕ್ಕೆ, ರುಚಿಗೆ, ಬಳಕೆಗೆ ಮೂರೂ ಬೇರೆ ಬೇರೆ. ಒಂದನ್ನು ಹುಳಿಗೆ ಹಾಕ್ತಾರೆ, ಇನ್ನೆರಡನ್ನು ಹಣ್ಣಾಗಿ ತಿಂತಾರೆ. ಆದರೂ ಜೇನಿಗೆ ಇವೆಲ್ಲ ಒಂದೇ ಹೂವು.

ಹೆಸರು ನಂಬಿ ನಡೆದರೆ ಎರಡೂ ಕಡೆ ತಪ್ಪುತ್ತೇವೆ. ಸೌತೆಯ ಹತ್ತಿರ ಹಾಗಲ ಹಾಕಬೇಡಿ, ಕಹಿ ಹತ್ತುತ್ತದೆ ಅಂತ ಹೇಳುವವರು ಇದ್ದಾರೆ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಹೇಳೀತು, ಆದರೆ ಸೌತೆಗೆ ಕಹಿ ಹತ್ತಿಸುವ ಕೆಲಸ ಹಾಗಲ ಮಾಡಲಾರದು. ಎರಡರ ಕುಲವೇ ಬೇರೆ. ಸೌತೆಯ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ರಾಸಾಯನಿಕ. ಕಾಡಿನ ಮೂಲದಲ್ಲಿ ಅದು ಧಾರಾಳವಾಗಿತ್ತು. ಸಾವಿರಾರು ವರ್ಷ ಕಹಿ ಇಲ್ಲದ ಕಾಯಿಯ ಬೀಜವನ್ನೇ ಆರಿಸಿ ಮನುಷ್ಯರು ಅದನ್ನು ತಗ್ಗಿಸಿದರು. ಆದರೆ ಸೌತೆಯ ಕಾಡು ನೆಂಟರು ಇನ್ನೂ ಭಾರತದಲ್ಲಿದ್ದಾರೆ. ಗೋವಾ, ಕೊಂಕಣದಲ್ಲಿ ನರಕಚತುರ್ದಶಿಯ ಬೆಳಿಗ್ಗೆ ಕಾಲಿನಿಂದ ಮೆಟ್ಟಿ ಒಡೆಯುವ ಕರೀಟ್ ಎಂಬ ಕಹಿಕಾಯಿಯೂ ಇದೇ ಕುಕುಮಿಸ್ ಕುಲದ್ದು. ಕಾಡಿನ ಅಂಚಿನ ಹಿತ್ತಲಿಗೆ ಅಂಥ ನೆಂಟರ ಪರಾಗ ಬಂದರೆ ಮುಂದಿನ ಪೀಳಿಗೆಯಲ್ಲಿ ಕಹಿ ಮರಳಬಹುದು.

ಅಡುಗೆಗೆ ಹೆಚ್ಚುವ ಮೊದಲು ಸೌತೆ, ಹಾಲುಗುಂಬಳದ ತುದಿ ಕತ್ತರಿಸಿ ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಇದೆಯಲ್ಲ, ಅದನ್ನು ಹಗುರಾಗಿ ತಗೊಳ್ಳಬೇಡಿ. ಹಾಲುಗುಂಬಳ ಅಂದ್ರೆ ಸೋರೆಕಾಯಿ. ಕಹಿ ಸೋರೆಕಾಯಿಯ ರಸ ಕುಡಿದು ಸಾವು ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ತಜ್ಞರ ಸಮಿತಿ ಮಾಡಿತು. ಕಹಿ ಇದ್ದರೆ ಕುಡಿಯಲೇಬೇಡಿ ಅನ್ನುವುದು ಆ ಸಮಿತಿಯ ಸಲಹೆ. ಕಹಿ ಬಂದ ಕಾಯಿಯನ್ನು ಎಸೆಯುವುದು, ಅದರ ಬೀಜ ಇಡದಿರುವುದು, ಇವೆರಡೂ ಹಿತ್ತಲಿನ ಹಳೆಯ ಕಾನೂನು.

ಯಾವುದು ಯಾವುದರ ಜೊತೆ ಬೆರೆಯುತ್ತದೆ ಅನ್ನೋದನ್ನು ವಿಜ್ಞಾನ ಕಂಡುಕೊಂಡದ್ದೂ ತರಕಾರಿ ತೋಟದಲ್ಲೇ. ಸಸ್ಯಗಳಲ್ಲೂ ಗಂಡು ಹೆಣ್ಣು ಇದೆ ಅಂತ ಪ್ರಯೋಗದಿಂದ ತೋರಿಸಿದ್ದು 1694ರಲ್ಲಿ, ಜರ್ಮನಿಯ ಕ್ಯಾಮರೇರಿಯಸ್. 1826ರಲ್ಲಿ ಫ್ರಾನ್ಸಿನ ಒಗುಸ್ತೆಂ ಸಾಜರೆ ಎಂಬಾತ ಎರಡು ಬಗೆಯ ಕರಬೂಜಗಳನ್ನು ಅಡ್ಡಹಾಯಿಸಿ ಫಲಿತಾಂಶ ಪ್ರಕಟಿಸಿದ. ತಿರುಳಿನ ಬಣ್ಣ, ಬೀಜದ ಬಣ್ಣ, ಸಿಪ್ಪೆಯ ಬಲೆ, ಏಣು, ರುಚಿ ಹೀಗೆ ಒಂದೊಂದು ಗುಣವನ್ನೂ ಬೇರೆ ಬೇರೆಯಾಗಿ ಗಮನಿಸಿದ. ಮಗುವಿನಲ್ಲಿ ಅಪ್ಪ ಅಮ್ಮನ ಗುಣ ಹಾಲು ನೀರಿನಂತೆ ಕಲಸಿಹೋಗುವುದಿಲ್ಲ, ಒಂದು ಗುಣ ಅಮ್ಮನದ್ದು ಇಡಿಯಾಗಿ, ಇನ್ನೊಂದು ಅಪ್ಪನದ್ದು ಇಡಿಯಾಗಿ ಬರಬಹುದು ಅಂತ ಅವನು ಬರೆದ. ಮೆಂಡೆಲನ ಬಟಾಣಿ ಪ್ರಬಂಧ ಬಂದದ್ದು ಅದಾದ 40 ವರ್ಷಕ್ಕೆ, 1866ರಲ್ಲಿ.

ಸಾಜರೆಯ ನಂತರ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ನೋದೆಂ ಲೋಕದ ನಾನಾ ಕಡೆಯ ಬೀಜ ತರಿಸಿ ಬೆಳೆದ. ಕುಂಬಳಗಳಲ್ಲಿ ಹೊರಗಿನ ಆಕಾರ, ಬಣ್ಣ ನೂರು ತರ ಇದ್ದರೂ ಒಳಗೆ ಬೇರೆ ಬೇರೆ ಜಾತಿಗಳಿವೆ, ಒಂದು ಜಾತಿಯೊಳಗೆ ಎಲ್ಲ ಬೆರೆಯುತ್ತವೆ, ಜಾತಿ ದಾಟಿ ಸುಲಭಕ್ಕೆ ಬೆರೆಯುವುದಿಲ್ಲ ಅಂತ 1856ರಲ್ಲಿ ವಿಂಗಡಿಸಿದ. 1859ರಲ್ಲಿ ಕರಬೂಜಗಳ ಸರದಿ. ಅಲ್ಲಿ ಉಲ್ಟಾ ಆಯಿತು: ಬೇರೆ ಬೇರೆ ಅಂದುಕೊಂಡಿದ್ದ ಹತ್ತಾರು ಬಗೆಗಳು ಬೆರೆತು ಫಲ ಕೊಟ್ಟವು, ಎಲ್ಲವೂ ಒಂದೇ ಜಾತಿ ಅಂತ ತೀರ್ಮಾನವಾಯಿತು. ಆ ಜಾತಿಯೊಳಗೆ ಅವನು ಮಾಡಿದ ಗುಂಪುಗಳಲ್ಲಿ ಒಂದಕ್ಕೆ ಅಸಿಡ್ಯುಲಸ್ ಅಂತ ಹೆಸರಿಟ್ಟ, ಅಂದರೆ ತುಸು ಹುಳಿಯಾದದ್ದು. ನಮ್ಮ ಮೊಗೆಕಾಯಿಯನ್ನು ಸಸ್ಯವಿಜ್ಞಾನಿಗಳು ಇವತ್ತು ಇಡುವುದು ಆ ಗುಂಪಿನಲ್ಲೇ. ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ ಕುಂಬಳದ ಬಗ್ಗೆ ಬರೆಯುವಾಗ ಆಧಾರ ಮಾಡಿಕೊಂಡದ್ದು ನೋದೆಂನ ಕೆಲಸವನ್ನೇ. ಕರಬೂಜದ ಮೂಲ ಆಫ್ರಿಕಾ ಅಂತಲೇ ಬಹುಕಾಲ ನಂಬಿಕೆ ಇತ್ತು. 2010ರಲ್ಲಿ ಮ್ಯೂನಿಕ್ಕಿನ ಸುಸಾನೆ ರೆನ್ನರ್ ತಂಡ ಡಿಎನ್‌ಎ ಹೋಲಿಸಿ, ಸೌತೆ ಮತ್ತು ಕರಬೂಜ ಎರಡರ ಹತ್ತಿರದ ನೆಂಟರೂ ಏಷ್ಯಾ ಮತ್ತು ಆಸ್ಟ್ರೇಲಿಯಾದಲ್ಲಿದ್ದಾರೆ ಅಂತ ತೋರಿಸಿತು.

ಸರಿ, ಈಗ ಪ್ಯಾರಿಸ್ಸಿನಿಂದ ಸಿದ್ದಾಪುರಕ್ಕೆ ಬರೋಣ. ವರ್ಣತಂತು, ಜಾತಿ, ಗುಂಪು ಯಾವುದರ ಹೆಸರೂ ಗೊತ್ತಿಲ್ಲದೆ ಇಲ್ಲಿಯ ಮನೆಗಳಲ್ಲಿ ಮೊಗೆಕಾಯಿ ಮೊಗೆಕಾಯಿಯಾಗಿಯೇ, ಇಬ್ಬಡ್ಲ ಇಬ್ಬಡ್ಲವಾಗಿಯೇ ಹೇಗೆ ಉಳಿಯಿತು? ಇದಕ್ಕೆ ಮೂರು ಕಾರಣ ಕೊಡಬಹುದು.

ಒಂದು, ನೆಲ. ಸರ್ಕಾರಿ ಬೀಜ ಪ್ರಮಾಣೀಕರಣದಲ್ಲಿ ಬಳ್ಳಿ ತರಕಾರಿಯ ಎರಡು ತಳಿಗಳ ನಡುವೆ ಅರ್ಧದಿಂದ ಒಂದು ಕಿಲೋಮೀಟರ್ ಅಂತರ ಕೇಳ್ತಾರೆ. ಬಯಲುಸೀಮೆಯ ಒತ್ತೊತ್ತಾದ ಊರಿನಲ್ಲಿ ಅದು ಅಸಾಧ್ಯ. ಇಲ್ಲಿ ಹಾಗಲ್ಲ. ಕಣಿವೆಯಲ್ಲಿ ತೋಟ, ತೋಟದ ತಲೆಗೆ ನಾಲ್ಕೈದು ಮನೆ, ಸುತ್ತ ಸೊಪ್ಪಿನಬೆಟ್ಟ, ಬೆಟ್ಟದಾಚೆ ಮತ್ತೊಂದು ಕೇರಿ. ಒಂದು ಕೇರಿಯ ಪರಾಗ ಇನ್ನೊಂದಕ್ಕೆ ಮುಟ್ಟುವುದು ಕಡಿಮೆ. ಆದರೆ ಕೇರಿಯೊಳಗೆ ನಾಲ್ಕು ಮನೆಯ ಹಿತ್ತಲು ಜೇನಿನ ಲೆಕ್ಕದಲ್ಲಿ ಒಂದೇ ಹಿತ್ತಲು. ಒಬ್ಬರು ಏನು ಹಾಕ್ತಾರೆ ಅನ್ನೋದು ಉಳಿದ ಮೂವರ ಬೀಜವನ್ನು ನಿರ್ಧರಿಸ್ತದೆ.

ಎರಡು, ಅಟ್ಟ. ಕೇಳುಗರೇ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಮೊಗೆಕಾಯಿಯ ಬೀಜ ತೆಗೆಯುವುದು ಕೊಯ್ದ ದಿನ ಅಲ್ಲ, ಹೆಚ್ಚಿದ ದಿನ. ತಿಂಗಳುಗಟ್ಟಲೆ ತೂಗಿದ ಕಾಯಿಗಳಲ್ಲಿ ಕೊನೆಗೆ ಉಳಿದದ್ದರ ಬೀಜವೇ ಮುಂದಿನ ಬಿತ್ತನೆಗೆ. ಇಬ್ಬಡ್ಲದ ಪರಾಗ ತಗಲಿದ ಬೀಜದಿಂದ ಬಂದ ಬಳ್ಳಿಯ ಕಾಯಿ ಬೇಗ ಹಣ್ಣಾಗಿ ಬಿರಿಯುವ ಸಾಧ್ಯತೆ ಹೆಚ್ಚು. ಅದು ಅಟ್ಟದಲ್ಲಿ ನಿಲ್ಲೋದಿಲ್ಲ, ದನದ ಬಾನಿಗೆ ಹೋಗ್ತದೆ, ಅದರ ಬೀಜವೂ ಅದರೊಂದಿಗೇ ಹೋಗ್ತದೆ. ಅಂದರೆ ಕೆಡದೆ ಉಳಿಯುವ ಗುಣವನ್ನು ವರ್ಷವರ್ಷವೂ ಅಟ್ಟವೇ ಪರೀಕ್ಷೆ ಮಾಡುತ್ತಿತ್ತು. ಜೇನು ಬೆರೆಸಿದ್ದನ್ನು ಮಳೆಗಾಲ ಸೋಸುತ್ತಿತ್ತು. ಮೊದಲು ಬಿಟ್ಟ ದಪ್ಪ ಕಾಯಿ ನೋಡಿ ಆಸೆಯಿಂದ ಬೇಗ ಬೀಜ ತೆಗೆದವರಿಗೆ ಈ ಪರೀಕ್ಷೆಯ ಲಾಭ ಸಿಗೋದಿಲ್ಲ.

ಮೂರು, ಕೊಡುಕೊಳ್ಳುವಿಕೆ. ಶಿರಸಿ ಭಾಗದಲ್ಲಿ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ. ಇಂಥ ಥಂಡಿಯಲ್ಲಿ ಬೀಜ ಬೂಸಲು ಹಿಡಿಯದಂತೆ ಇಡುವುದೇ ಸಾಹಸ. ಬೂದಿಯಲ್ಲಿ ಹೊರಳಿಸಿ ಒಣಗಿಸುವುದು, ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವುದು, ಒಲೆಯ ಮೇಲೆ ಹೊಗೆ ತಾಗುವಲ್ಲಿ ಗಂಟು ಕಟ್ಟುವುದು, ಎಲ್ಲ ಮಾಡಿದರೂ ಒಂದೊಂದು ವರ್ಷ ಒಂದೊಂದು ಮನೆಯದ್ದು ಹೋಗುತ್ತದೆ. ಆಗ ಪಕ್ಕದ ಮನೆಯಿಂದ, ತವರಿಂದ, ಮಗಳ ಗಂಡನ ಮನೆಯಿಂದ ಒಂದು ಮುಷ್ಟಿ ಬೀಜ ಬರುತ್ತಿತ್ತು. ಬೀಜ ಕೊಟ್ಟವರೇ ಬ್ಯಾಂಕು. ಬೆಟ್ಟದಾಚೆಯ ಕೇರಿಯಿಂದ ಬಂದ ಬೀಜ ಬೆರಕೆ ಆಗದ ಬೀಜ ಅನ್ನುವುದು ಇದರ ಇನ್ನೊಂದು ಲಾಭ.

ಇದಕ್ಕೆ ಬಳ್ಳಿಗಳ ಸ್ವಭಾವವೂ ಒದಗಿ ಬಂತು. ಮೆಕ್ಕೆಜೋಳದಂಥ ಪರಕೀಯ ಪರಾಗದ ಬೆಳೆಯಲ್ಲಿ ನಾಲ್ಕೇ ಗಿಡದಿಂದ ಬೀಜ ಇಟ್ಟುಕೊಂಡು ಹೋದರೆ ಕೆಲವೇ ತಲೆಮಾರಿನಲ್ಲಿ ಗಿಡ ಸೊರಗುತ್ತದೆ. ಸೌತೆ, ಕರಬೂಜ, ಕುಂಬಳಗಳಲ್ಲಿ ಹಾಗೆ ಸೊರಗುವುದು ಬಹಳ ಕಡಿಮೆ. ಸಣ್ಣ ಹಿತ್ತಲಿನಲ್ಲಿ ನಾಲ್ಕು ಬಳ್ಳಿ ಇಟ್ಟುಕೊಂಡೂ ಇದನ್ನು ನಡೆಸಬಹುದಾಗಿದ್ದು ಅದರಿಂದಲೇ. ಹೂವಿನ ಹೊತ್ತೂ ಒಂದು ಬೇಲಿ. ಚೀನಿಕಾಯಿ ಹೂವು ನಸುಕಿಗೆ ಅರಳಿ ಬಿಸಿಲೇರುವಾಗ ಮುಚ್ಚುತ್ತದೆ. ಹೀರೆ, ಹಾಲುಗುಂಬಳ ಸಂಜೆಗೆ ಅರಳುತ್ತವೆ. ಪಡವಲ ರಾತ್ರಿಯದ್ದು, ಅದಕ್ಕೆ ಪತಂಗ ಬೇಕು. ಈ ಬಳ್ಳಿಗಳಲ್ಲಿ ಹೆಚ್ಚಿನವುಗಳ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಕೀಟ ಬಾರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶ ಮಾಡಿದಾಗ ಹೋದದ್ದು ಜೇನುತುಪ್ಪ ಮಾತ್ರ ಅಲ್ಲ. ಬೀಜ ಬೆರೆಸುವುದೂ ಜೇನೇ, ಬೀಜ ಕಟ್ಟಿಸುವುದೂ ಜೇನೇ.

ಈ ಏರ್ಪಾಟು ಸಡಿಲವಾದದ್ದು ಯಾವಾಗ? ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1971ರಲ್ಲಿ ಪೂಸಾ ಮೇಘದೂತ್ ಎಂಬ ಹೈಬ್ರಿಡ್ ಸೋರೆ ಹೊರತಂದಿತು. ಬೆಂಗಳೂರಿನ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ 1973ರಲ್ಲಿ ಕರ್ನಾಟಕ ಎಂಬ ಹೈಬ್ರಿಡ್ ಟೊಮೆಟೊ ಕೊಟ್ಟಿತು. 1988ರ ಬೀಜ ನೀತಿ ಹೊರದೇಶದ ತರಕಾರಿ ಬೀಜಕ್ಕೆ ಬಾಗಿಲು ತೆರೆಯಿತು. ಬಣ್ಣದ ಪೊಟ್ಟಣ ಪೇಟೆಯ ಅಂಗಡಿಗೆ ಬಂತು. ಹೈಬ್ರಿಡ್ ಅಂದರೆ ಆಯ್ದ ಎರಡು ಶುದ್ಧ ಸಾಲುಗಳ ಮೊದಲ ಪೀಳಿಗೆ. ಅದರ ಇಳುವರಿ, ಒಂದೇ ಅಳತೆ, ಮಾರಾಟಕ್ಕೆ ಅನುಕೂಲ ಎಲ್ಲ ನಿಜ. ಮಾರಲಿಕ್ಕೆ ಬೆಳೆಯುವವರು ಅದನ್ನು ಆರಿಸಿಕೊಂಡರೆ ದೂರುವುದಕ್ಕೆ ಏನೂ ಇಲ್ಲ. ಆದರೆ ಅದರ ಬೀಜ ಇಟ್ಟು ಮತ್ತೆ ಬಿತ್ತಿದರೆ ಎರಡನೇ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ, ಹಾಗಾಗಿ ಪ್ರತಿವರ್ಷ ಕೊಳ್ಳಬೇಕು. ಅದು ಕೊಂಡವರ ಲೆಕ್ಕ.

ಕೊಳ್ಳದವರ ಲೆಕ್ಕ ಬೇರೆ ಇದೆ. ನಾಲ್ಕು ಮನೆಯ ಕೇರಿಯಲ್ಲಿ ಒಬ್ಬರು ಪೇಟೆಯ ಹೈಬ್ರಿಡ್ ಕರಬೂಜ ಹಾಕಿದರೆ ಅದರ ಪರಾಗ ಉಳಿದ ಮೂರು ಮನೆಯ ಮೊಗೆಕಾಯಿಗೂ ಹೋಗ್ತದೆ. ಅದೂ ಚದುರುವ ಪರಾಗ. ಒಂದೊಂದು ಕಣದಲ್ಲಿ ಒಂದೊಂದು ಬಗೆಯ ಗುಣ. ಇದರ ಮೇಲೆ ಅಟ್ಟದ ಸೋಸುವಿಕೆ ನಿಂತುಹೋಗಿದೆ, ತಾರಸಿ ಮನೆಯಲ್ಲಿ ಅಟ್ಟವೂ ಇಲ್ಲ, ಹೊಗೆಯೂ ಇಲ್ಲ. ಕೊಡುಕೊಳ್ಳುವಿಕೆಗೆ ಬೀಜ ಇಟ್ಟವರು ಸುತ್ತ ಯಾರೂ ಇಲ್ಲ. ಹೀಗೆ ಮೂರು ಕಾಲಿನ ಮಣೆಯ ಮೂರೂ ಕಾಲು ಅಲ್ಲಾಡಿದವು.

ಇದು ಒಂದು ಊರಿನ ಅಡುಗೆಯ ವಿಷಯ ಮಾತ್ರ ಅನ್ನಿಸಿದರೆ ಇನ್ನೊಂದು ಸಂಗತಿ ಹೇಳ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಪೀರಿಯಲ್ ವ್ಯಾಲಿ ಅಂತ ಇದೆ, ಕರಬೂಜ ಬೆಳೆಯುವ ದೊಡ್ಡ ಪ್ರದೇಶ. 1925ರ ಹೊತ್ತಿಗೆ ಅಲ್ಲಿ ಬೂದಿರೋಗ ಬಂದು ಬೆಳೆ ನೆಲಕಚ್ಚಿತು. ಅಲ್ಲಿನ ಯಾವ ತಳಿಗೂ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ತಡೆದದ್ದು ಭಾರತದಿಂದ ತರಿಸಿದ್ದ ಒಂದು ಕರಬೂಜ. ತಿನ್ನಲಿಕ್ಕೆ ಅದು ಅಷ್ಟಕ್ಕಷ್ಟೇ, ಆದರೆ ಅದನ್ನು ಅವರ ಸಿಹಿ ತಳಿಯೊಂದಿಗೆ ಅಡ್ಡಹಾಯಿಸಿ, ಆರಿಸಿ, 1936ರಲ್ಲಿ ಪಿಎಂಆರ್ 45 ಎಂಬ ತಳಿ ಬಿಡುಗಡೆ ಮಾಡಿದರು. ಆಮೇಲೂ ಅದೇ ಕಥೆ. ಅವರ ಬೀಜ ಭಂಡಾರದಲ್ಲಿ ಪಿಐ 414723 ಅಂತ ಸಂಖ್ಯೆ ಹೊತ್ತ ಭಾರತದ ಒಂದು ಬೀಜ ಇದೆ, ವೈರಸ್ ರೋಗ ಮತ್ತು ಹೇನುಗಳನ್ನು ತಡೆಯುವ ಗುಣಕ್ಕೆ ಹೆಸರಾದದ್ದು. ಅದು ಇಬ್ಬಡ್ಲದ ಗುಂಪಿನದು. ಪಿಐ 313970 ಅಂತ ಇನ್ನೊಂದು ಇದೆ, ಅದೂ ಭಾರತದ್ದೇ. ಅದು ಅಸಿಡ್ಯುಲಸ್, ಮೊಗೆಕಾಯಿಯ ಗುಂಪು. ಅವನ್ನು ನೂರಾರು ವರ್ಷ ಬಿತ್ತಿ ಉಳಿಸಿದವರ ಹೆಸರು ಆ ಸಂಖ್ಯೆಗಳಲ್ಲಿ ಇಲ್ಲ.

ಆ ಕೊರತೆಯನ್ನು ತುಸುವಾದರೂ ತುಂಬುವ ಕಾನೂನು ಬಂದದ್ದು 2001ರಲ್ಲಿ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರನ್ನು ತಳಿ ಉಳಿಸಿದವರು, ತಳಿ ಬೆಳೆಸಿದವರು ಅಂತ ಗುರುತಿಸ್ತದೆ. ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಬದಲಾಯಿಸಿಕೊಳ್ಳುವ, ಹಂಚುವ, ಬ್ರಾಂಡ್ ಹಾಕದೆ ಮಾರುವ ಹಕ್ಕು ಅದರ 39ನೇ ಕಲಮಿನಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಬುಕನನ್ ಬಿಟ್ಟುಹೋದ ಹಿತ್ತಲನ್ನು ಬರೆದಿಡಲಿಕ್ಕೆ ಇಷ್ಟು ತಡವಾಗಿಯಾದರೂ ಒಂದು ಪುಸ್ತಕ ಸಿಕ್ಕಿದೆ ಅನ್ನಬಹುದು.

ಅದೇ 2001ರಲ್ಲಿ ಶಿರಸಿಯಲ್ಲಿ ವನಸ್ತ್ರೀ ಎಂಬ ಮಹಿಳೆಯರ ಬಳಗ ಶುರುವಾಯಿತು. ಶುರು ಮಾಡಿದವರು ಸುನೀತಾ ರಾವ್. ಭತ್ತ, ರಾಗಿಯ ತಳಿಗಳ ಬಗ್ಗೆ ಮಾತಾಡುವವರು ಬಹಳ ಜನ ಇದ್ದರು. ವನಸ್ತ್ರೀ ಕೈ ಹಾಕಿದ್ದು ಹಿತ್ತಲಿಗೆ, ತರಕಾರಿ, ಗಡ್ಡೆ, ಹೂವುಗಳಿಗೆ. ಮಳೆಗಾಲಕ್ಕೆ ಮುಂಚೆ ನಡೆಸುವ ಮಲೆನಾಡು ಮೇಳದಲ್ಲಿ ಸೌತೆ, ಕುಂಬಳ, ಬೆಂಡೆ, ಅವರೆಗಳ ಬೀಜ ಕೈಯಿಂದ ಕೈಗೆ ಹೋಗ್ತದೆ. ನಾನು ಹೇಳಿದ ಮೂರನೇ ಕಾಲು, ಕೊಡುಕೊಳ್ಳುವಿಕೆ, ಅದನ್ನು ಕೇರಿಯ ಆಚೆಗೂ ಮತ್ತೆ ಕಟ್ಟುವ ಕೆಲಸ ಇದು.

ಉಳಿದ ಎರಡು ಕಾಲನ್ನು ನಾವು ನಮ್ಮ ಕೇರಿಯಲ್ಲೇ ಕಟ್ಟಬೇಕು. ಕಷ್ಟದ ಕೆಲಸವೇನಲ್ಲ. ಮೊಗೆಕಾಯಿ ಮತ್ತು ಇಬ್ಬಡ್ಲ ಎರಡೂ ಬೇಕು ಅಂದರೆ ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು ಹಾಕಿ. ಚೆನ್ನಾಗಿ ಒಣಗಿಸಿ ಥಂಡಿ ತಾಗದಂತೆ ಇಟ್ಟರೆ ಇವುಗಳ ಬೀಜ ನಾಲ್ಕೈದು ವರ್ಷ ಹುಟ್ಟುತ್ತದೆ. ಇಲ್ಲವಾದರೆ ಅಕ್ಕಪಕ್ಕದ ಮನೆಯವರು ಕೂತು ಹಂಚಿಕೊಳ್ಳಿ: ಈ ಸಲ ಕೇರಿಗೆಲ್ಲ ಮೊಗೆಕಾಯಿ ಬೀಜ ನಿಮ್ಮದು, ಮುಂದಿನ ಸಲ ಇಬ್ಬಡ್ಲ ನಮ್ಮದು ಅಂತ.

ಚೀನಿಕಾಯಿಯಲ್ಲಿ ಕೈಯಿಂದಲೇ ಪರಾಗ ಮುಟ್ಟಿಸುವುದು ಸುಲಭ, ಹೂವು ದೊಡ್ಡದು. ನಾಳೆ ಅರಳುವ ಮೊಗ್ಗಿನ ತುದಿ ಇವತ್ತು ಸಂಜೆಗೆ ಹಳದಿಯಾಗಿರ್ತದೆ. ಒಂದೇ ಬಗೆಯ ಎರಡು ಬಳ್ಳಿಗಳಲ್ಲಿ ಒಂದರ ಗಂಡು ಮೊಗ್ಗು, ಇನ್ನೊಂದರ ಹೆಣ್ಣು ಮೊಗ್ಗು ಆರಿಸಿ ತುದಿಗೆ ದಾರ ಕಟ್ಟಿ. ಬೆಳಿಗ್ಗೆ ಬೇಗ ಹೋಗಿ ಗಂಡು ಹೂವಿನ ಎಸಳು ಕಿತ್ತು, ಪರಾಗವನ್ನು ಹೆಣ್ಣು ಹೂವಿನ ಒಳಗೆ ಸವರಿ, ಮತ್ತೆ ಅದರ ಬಾಯಿ ಕಟ್ಟಿ. ತೊಟ್ಟಿಗೆ ಬಣ್ಣದ ದಾರ ಸುತ್ತಿ ಗುರುತು ಮಾಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರೋ ಕೊಯ್ದು ಹುಳಿ ಮಾಡಿಬಿಡ್ತಾರೆ. ಮೊಗೆಕಾಯಿ ಹೂವು ಚಿಕ್ಕದು. ಹತ್ತು ಹೂವಿಗೆ ಮಾಡಿದರೆ ಕೆಲವೇ ನಿಲ್ಲಬಹುದು, ಆದರೆ ಒಂದು ಕಾಯಿಯಲ್ಲೇ ನೂರಾರು ಬೀಜ ಇರುವುದರಿಂದ ಒಂದೆರಡು ನಿಂತರೂ ಕೇರಿಗೆ ಸಾಕು. ಅಟ್ಟ ಇಲ್ಲದವರು ಗಾಳಿಯಾಡುವ ಮೂಲೆಯಲ್ಲಿ ಏಳೆಂಟು ಕಾಯಿಯಾದರೂ ತೂಗುಹಾಕಿ, ಕೊನೆಗೆ ಉಳಿದದ್ದರ ಬೀಜ ತೆಗೆಯಿರಿ.

ಬೀಜ ತೆಗೆದಾಗ ಒಂದು ಚೀಟಿ ಬರೆಯಿರಿ. ಯಾವ ಕಾಯಿ, ಯಾವ ವರ್ಷ, ಯಾರ ಮನೆಯಿಂದ ಬಂದದ್ದು, ಎಷ್ಟು ತಿಂಗಳು ಅಟ್ಟದಲ್ಲಿ ನಿಂತಿತು, ಆ ವರ್ಷ ಸುತ್ತ ಯಾರು ಏನು ಹಾಕಿದ್ದರು, ಇಷ್ಟು ಸಾಕು. ದೀಪಾವಳಿಗೆ ಬಲೀಂದ್ರನ ಮುಂದೆ ಇಡುವ ಸೌತೆಯೋ ಮೊಗೆಕಾಯಿಯೋ ಯಾರ ಬೀಜದ್ದು ಅಂತ ಮನೆಯ ಹಿರಿಯ ಹೆಂಗಸರನ್ನು ಕೇಳಿ ಅದನ್ನೂ ಬರೆದಿಡಿ. ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ದಾಖಲೆಯಲ್ಲಿ ಹಿತ್ತಲಿನ ಬಳ್ಳಿಗಳು ಇವೆಯೋ ಇಲ್ಲವೋ ಒಮ್ಮೆ ಕೇಳಿ ನೋಡಿ. ಇಲ್ಲದಿದ್ದರೆ ಸೇರಿಸಿ ಅನ್ನಿ.

ಇವತ್ತಿಗೆ ಇಷ್ಟು. ಈ ಸಂಚಿಕೆ ಕೇಳಿದವರು ಮುಂದಿನ ಬಿತ್ತನೆಗೆ ಮೊದಲು ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ: ಈ ಸಲ ನೀವು ಏನು ಹಾಕ್ತೀರಿ?